ನಿಮ್ಮ ಊರಿನವರ ಬದುಕು ಬರೆದಿಡುವುದು ಹೇಗೆ

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಯಾರ್‍ಯಾರ ಹೆಸರು ಹೇಳುತ್ತೀರಿ ಅಂತ ಒಮ್ಮೆ ಲೆಕ್ಕ ಹಾಕಿ. ಅಪ್ಪ, ತಾತ, ಅಜ್ಜಿ. ಹೆಚ್ಚೆಂದರೆ ಮುತ್ತಾತ. ಮುತ್ತಜ್ಜಿಯ ಹೆಸರು ಏನು ಅಂದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಮ್ಮ ಮನೆಯಲ್ಲಿ ಹಾಗೇ ಆಯಿತು. ರಾಗಿ ಬೀಸಿ ಬೀಸಿ ಈ ಮನೆ ಸಾಕಿದ ಹೆಂಗಸಿಗೆ ಹೆಸರೇ ಇಲ್ಲವಲ್ಲ ಅಂತ ಕರುಳು ಚುರುಕ್ ಅಂದಿತು. ಅವತ್ತು ಶುರು ಮಾಡಿದ್ದು, ಈಗ ನಾಲ್ಕು ವರ್ಷ ಆಯಿತು. ನಾಗಮಂಗಲದ ಕಡೆಯ ನಮ್ಮ ಪುಟ್ಟ ಊರಿನವರ ಬದುಕನ್ನು ಒಂದೊಂದಾಗಿ ಬರೆದಿಡುತ್ತಿದ್ದೇನೆ. ನಮ್ಮ ಮನೆಯದು ಮಾತ್ರ ಅಲ್ಲ, ಇಡೀ ಊರಿನದು. ನೀವೂ ಮಾಡಬಹುದು, ಒಂದು ನೋಟ್‌ಬುಕ್ಕು, ಒಂದು ಫೋನು ಇದ್ದರೆ ಸಾಕು.

ಅವರ ಬಗ್ಗೆ ಬರೆಯೋಕೆ ಏನಿದೆ ಅನ್ನುವವರು ಸಿಗುತ್ತಾರೆ. ಅಂಥವರಿಗೆ ನಾನು ಆತಕೂರಿನ ಕಲ್ಲಿನ ಕಥೆ ಹೇಳುತ್ತೇನೆ. ಆತಕೂರು ನಮ್ಮ ಮಂಡ್ಯ ಜಿಲ್ಲೆಯದೇ, ಮದ್ದೂರು ತಾಲ್ಲೂಕು. ಕ್ರಿ.ಶ. 949-50ರ ಆ ಕಲ್ಲಿನಲ್ಲಿ ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿದ್ದನ್ನು ಬರೆಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಹೆಸರು ಉಳಿಸಿಕೊಂಡ ಸೀಮೆ ಇದು. ನಲವತ್ತು ವರ್ಷ ಊರಿನ ಕೆರೆ ತೂಬು ಕಾದವರ ಹೆಸರು ಉಳಿಸಿಕೊಳ್ಳಲು ಆಗಲ್ವಾ?

ಮೊದಲು ಹೆಸರು

ಸಂದರ್ಶನದಿಂದ ಶುರು ಮಾಡಬೇಡಿ. ಪಟ್ಟಿಯಿಂದ ಶುರು ಮಾಡಿ. ಊರಿನ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಬೀದಿ ಬೀದಿ ನಡೆಯಿರಿ. ಪ್ರತಿ ಮನೆ ಮುಂದೆ ನಿಂತು ಇಲ್ಲಿ ಯಾರು ಇದ್ದರು, ಅವರಿಗೆ ಮುಂಚೆ ಯಾರು ಇದ್ದರು ಅಂತ ಕೇಳಿ. ಬಿದ್ದುಹೋದ ಮನೆಗಳನ್ನು ಬಿಡಬೇಡಿ, ಅಲ್ಲೇ ಕಥೆ ಜಾಸ್ತಿ. ಬರೀ ಅಡಿಪಾಯ ಉಳಿದ ಒಂದು ಜಾಗದ ಮುಂದೆ ನನ್ನ ಜೊತೆ ಬಂದಿದ್ದ ದೊಡ್ಡಪ್ಪ ಹತ್ತು ನಿಮಿಷ ಸುಮ್ನೆ ನಿಂತುಬಿಟ್ಟರು, ಆಮೇಲೆ ಅಲ್ಲಿದ್ದ ಏಳು ಜನರ ಹೆಸರನ್ನು ಒಂದೇ ಉಸಿರಿಗೆ ಹೇಳಿದರು.

ಎಲ್ಲ ಕೇರಿಗೂ ಹೋಗಿ. ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಜಾತಿಯವರ ಬೀದಿಯಲ್ಲೇ ನಿಮ್ಮ ಪುಸ್ತಕ ತುಂಬಿಹೋಗುತ್ತದೆ, ಊರು ಮುಗಿಯಿತು ಅನಿಸುತ್ತದೆ. ಮುಗಿದಿರುವುದಿಲ್ಲ. ತೋಟಿ, ತಳವಾರ, ನೀರಗಂಟಿ, ಅಗಸರು, ಕ್ಷೌರ ಮಾಡುತ್ತಿದ್ದವರು, ಕಾಳು ತೆಗೆಯಲು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಇಳಿಯುತ್ತಿದ್ದವರು, ಇವರಿಲ್ಲದೆ ಊರು ಒಂದು ದಿನ ನಡೆಯುತ್ತಿರಲಿಲ್ಲ. ಮತ್ತೆ ಬೇರೆ ಕೇರಿಗೆ ಹೋಗುವಾಗ ಆ ಕೇರಿಯವರನ್ನೇ ಜೊತೆಗೆ ಕರೆದುಕೊಳ್ಳಿ. ಗೌಡರ ಮನೆ ಹುಡುಗ ನೋಟ್‌ಬುಕ್ ಹಿಡಿದು ಬಂದ ಅಂದರೆ ಯಾರೂ ಬಾಯಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ಅಡ್ಡಹೆಸರು ಬರೆದುಕೊಳ್ಳಿ. ಊರಲ್ಲಿ ಒಂದೇ ಹೆಸರಿನವರು ಆರು ಜನ ಇರುತ್ತಾರೆ, ಅಡ್ಡಹೆಸರಿನಿಂದಲೇ ಗುರುತು ಹಿಡಿಯಬೇಕು. ಅವಮಾನ ಮಾಡಲು ಇಟ್ಟ ಹೆಸರಾದರೆ ಮನೆಯವರನ್ನು ಕೇಳದೆ ಅಚ್ಚು ಮಾಡಿಸಬೇಡಿ. ಹೆಂಗಸರನ್ನು ಯಾರದೋ ಹೆಂಡತಿ, ಯಾರದೋ ತಾಯಿ ಅಂತ ಬರೆದು ಮುಂದೆ ಹೋಗಬೇಡಿ. ಅವರ ಸ್ವಂತ ಹೆಸರು, ತವರು ಯಾವುದು, ಇಷ್ಟು ಸಿಗುವ ತನಕ ಆ ಸಾಲು ಖಾಲಿ ಇರಲಿ.

ಕೂತು ಮಾತಾಡುವುದು

ಊರಿನ ಅತಿ ಹಿರಿಯರ ಹತ್ತಿರ ಮೊದಲು ಹೋಗಿ, ಈ ವಾರವೇ ಹೋಗಿ. ಹಬ್ಬಕ್ಕೆ ಹೋದಾಗ ಮಾತಾಡೋಣ ಅಂತ ನಾನು ಮುಂದೂಡಿದ ಇಬ್ಬರು ಹಬ್ಬದ ಹೊತ್ತಿಗೆ ಇರಲಿಲ್ಲ.

ಗಂಡಸರು ಅರಳಿಕಟ್ಟೆಯಲ್ಲಿ ಮಾತಾಡುತ್ತಾರೆ, ಆದರೆ ನಾಲ್ಕು ಜನ ಸುತ್ತ ಇದ್ದರೆ ಎಲ್ಲರೂ ಒಪ್ಪುವ ಕಥೆಯನ್ನೇ ಹೇಳುತ್ತಾರೆ. ಒಬ್ಬರೇ ಸಿಕ್ಕಾಗ ಇನ್ನೊಂದು ಸಲ ಕೇಳಿ. ಹೆಂಗಸರು ಕೈಗೆ ಕೆಲಸ ಇದ್ದಾಗ ಮಾತಾಡುತ್ತಾರೆ. ಅವರೆಕಾಯಿ ಬಿಡಿಸುವಾಗ, ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವಾಗ ಹೋಗಿ ಪಕ್ಕದಲ್ಲಿ ಕೂತು ನೀವೂ ಕೈ ಹಾಕಿ. ಮಗ, ಸೊಸೆ ಎದುರಿಗಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತದೆ ಅನ್ನುವುದು ನೆನಪಿರಲಿ.

ರೆಕಾರ್ಡ್ ಮಾಡುತ್ತೀನಿ ಅಂತ ಮೊದಲೇ ಹೇಳಿ, ಒಪ್ಪಿದರೆ ಮಾತ್ರ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಇಡಿ, ಫ್ಯಾನ್ ಆರಿಸಿ. ಶುರುವಿಗೆ ನಿಮ್ಮ ದನಿಯಲ್ಲೇ ತಾರೀಖು, ಊರು, ಮಾತಾಡುತ್ತಿರುವವರ ಹೆಸರು ಹೇಳಿಬಿಡಿ. ಮನೆಗೆ ಬಂದ ದಿನವೇ ಇನ್ನೊಂದು ಕಡೆ ಕಾಪಿ ಮಾಡಿ. ನಾನು ಇದೊಂದನ್ನು ಮಾಡದೆ, ಒಡೆದ ಸ್ಕ್ರೀನ್ ಹಾಕಿಸಲು ಫೋನನ್ನು ಅಂಗಡಿಗೆ ಕೊಟ್ಟೆ, ಅವರು ಎಲ್ಲ ಅಳಿಸಿ ಕೊಟ್ಟರು. ನಲವತ್ತು ನಿಮಿಷದ ಮಾತು ಹೋಯಿತು. ಆ ತಾತ ಮೂರು ತಿಂಗಳಿಗೆ ತೀರಿಕೊಂಡರು. ಇವತ್ತಿಗೂ ಅದನ್ನು ನೆನೆದರೆ ಸಂಕಟ ಆಗುತ್ತದೆ.

ನಿಮ್ಮ ಜೀವನದ ಬಗ್ಗೆ ಹೇಳಿ ಅಂತ ಕೇಳಿದರೆ ಏನೂ ಬರುವುದಿಲ್ಲ. “ನಮ್ದೇನಿದ್ದದು ಮಗ, ಗೇದೋ, ಉಂಡೋ” ಅಂತಾರೆ, ಅಷ್ಟೇ. ಸಣ್ಣದನ್ನು ಕೇಳಿ. ಮದುವೆಯಾಗಿ ಈ ಮನೆಗೆ ಬಂದ ದಿನ ಏನು ಅಡುಗೆ ಮಾಡಿದ್ದರು? ಮೊದಲ ಕೂಲಿ ದುಡ್ಡಾಗಿ ಕೊಟ್ಟರಾ, ರಾಗಿಯಾಗಿ ಕೊಟ್ಟರಾ, ಎಷ್ಟು ಸೇರು? ಊರಿಗೆ ಕರೆಂಟು ಬಂದ ದಿನ ಮೊದಲ ಬಲ್ಬು ಯಾರ ಮನೆಯಲ್ಲಿ ಹತ್ತಿತು? ಬೀಸುವಾಗ ಯಾವ ಪದ ಹೇಳುತ್ತಿದ್ದಿರಿ? ನಮ್ಮೂರಿನ ಒಬ್ಬ ತಾತನಿಗೆ ಹಗೇವಿನ ಬಗ್ಗೆ ಕೇಳಿದೆ. ನೆಲದೊಳಗಿನ ಆ ಕಣಜದ ಬಾಯಿ ತೆಗೆದು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರಲಿಲ್ಲ ಅಂದರೆ ಮಾತ್ರ ಮನುಷ್ಯ ಇಳಿಯಬೇಕು, ಇಲ್ಲದಿದ್ದರೆ ಉಸಿರುಕಟ್ಟಿ ಸಾಯುತ್ತಾನೆ. ಅದನ್ನು ವಿವರಿಸುತ್ತ ವಿವರಿಸುತ್ತ ಅವರು ತಮ್ಮ ಅಣ್ಣನ ಕಥೆಗೆ ಬಂದರು. ನಾನು ಅಣ್ಣನ ಬಗ್ಗೆ ಕೇಳಿಯೇ ಇರಲಿಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ಎಲ್ಲರಿಗೂ ಕೇಳಿ: ನಿಮ್ಮ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದವರು ಯಾರು? ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. ಅವರ ಹೆಸರು ನಾಡಿಗೆ ಗೊತ್ತಾಯಿತು. ನಿಮ್ಮ ಊರಲ್ಲೂ ಒಬ್ಬ ಸೂಲಗಿತ್ತಿ ಇದ್ದೇ ಇದ್ದರು. ಊರಿನ ಅರ್ಧ ಜನ ಅವರ ಕೈಯಲ್ಲಿ ಹುಟ್ಟಿದವರು, ಆದರೂ ಹೆಸರು ಕೇಳಿದರೆ ತಡಕಾಡುತ್ತಾರೆ.

ವರ್ಷ ಹಿಡಿಯುವುದು

ಹಳಬರಿಗೆ ಇಸವಿ ಗೊತ್ತಿರುವುದಿಲ್ಲ, ಅದು ಅವರ ತಪ್ಪಲ್ಲ. ಆದರೆ ದೊಡ್ಡ ಘಟನೆಗಳು ಗೊತ್ತಿರುತ್ತವೆ, ಅದಕ್ಕೆ ಗಂಟು ಹಾಕಿ. ಕನ್ನಂಬಾಡಿ ಕಟ್ಟೆ ಕೆಲಸಕ್ಕೆ ನಮ್ಮಪ್ಪ ಹೋಗಿದ್ದ ಅಂದರೆ 1911ರಿಂದ ಮುಂದಿನ ಇಪ್ಪತ್ತು ವರ್ಷದ ಮಾತು. ಮಟಮಟ ಮಧ್ಯಾಹ್ನ ಗ್ರಹಣ ಹಿಡಿದು ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ ಅಂದರೆ ಬಹುಶಃ 1980ರ ಫೆಬ್ರವರಿ 16. ಇಂದಿರಾ ಗಾಂಧಿ ಸತ್ತಾಗ ಬಸುರಿ ಇದ್ದೆ ಅಂದರೆ 1984ರ ಅಕ್ಟೋಬರ್ ಕೊನೆ. ಟಿವಿಯಲ್ಲಿ ರಾಮಾಯಣ ಬರುವಾಗ ಮನೆ ಕಟ್ಟಿದ್ದು ಅಂದರೆ 1987-88. ಉತ್ತರ ಕರ್ನಾಟಕದವರಾದರೆ 1972ರ ಬರ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಕೇಳಿ. ಶರಾವತಿ ಕಡೆಯವರಿಗೆ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಊರು ಮುಳುಗಿದ್ದೇ ಗಡಿ, ಅದಕ್ಕೆ ಹಿಂದೆ, ಅದಕ್ಕೆ ಮುಂದೆ. ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತ ಇದ್ದರೆ ನಂಬಬೇಡಿ, ಮೇಷ್ಟ್ರು ಅರ್ಧ ಊರಿಗೆ ಅದೇ ದಿನ ಬರೆದಿರುತ್ತಾರೆ.

ಕಾಗದ ಪತ್ರ

ಕಾಗದ ಒಂದರಿಂದಲೇ ಬದುಕು ಬರೆಯೋಕೆ ಆಗಲ್ಲ, ಆದರೆ ಹೆಸರು, ಕಾಲ ಸರಿಮಾಡಿಕೊಳ್ಳಲು ಬೇಕು. ಪಹಣಿಯಲ್ಲಿ ಎಲ್ಲರೂ ಮಾಲೀಕರ 9ನೇ ಕಲಂ ನೋಡುತ್ತಾರೆ. ನೀವು ಸಾಗುವಳಿ ಬರೆಯುವ 12ನೇ ಕಲಂ ಸಹ ನೋಡಿ, ಯಾರ ಹೆಸರಲ್ಲಿ ಜಮೀನು, ಯಾರ ಬೆವರು ಅನ್ನುವುದು ಹಳೆಯ ಕೈಬರಹದ ಪಹಣಿಗಳಲ್ಲಿ ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ, ಮಾಡಿಸಿದ ಮನೆಗಳಲ್ಲಿ ವಂಶವೃಕ್ಷದ ಪ್ರತಿ ಇರುತ್ತದೆ, ಕೇಳಿ ನೋಡಿ. 1974ರ ಭೂಸುಧಾರಣೆ ಆದ ಮೇಲೆ ಗೇಣಿದಾರರು ತಾವು ಉಳುತ್ತಿದ್ದ ಜಮೀನು ತಮಗೇ ಆಗಬೇಕು ಅಂತ 7ನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಿದ್ದರಲ್ಲ, ನಿಮ್ಮ ಊರಲ್ಲಿ ಯಾರು ಹಾಕಿದರು ಅಂತ ವಿಚಾರಿಸಿ. ಒಡೆಯನ ಎದುರು ನಿಂತು ಅರ್ಜಿ ಹಾಕುವುದು ಅವತ್ತು ಸಣ್ಣ ಧೈರ್ಯ ಅಲ್ಲ. ಹಳೆಯ ಮತದಾರರ ಪಟ್ಟಿಯಲ್ಲಿ ಮನೆ ಮನೆಯ ಹೆಂಗಸರ ಹೆಸರು ಸಿಗುತ್ತದೆ. ಬೆಳಗಾವಿ, ಧಾರವಾಡದ ಕಡೆಯವರಾದರೆ ಹೆಳವರು ಬಂದಾಗ ಸುಮ್ನೆ ಕಾಳು ಕೊಟ್ಟು ಕಳಿಸಬೇಡಿ. ನಿಮ್ಮ ಮನೆತನದ ಹೆಸರುಗಳನ್ನು ತಲೆತಲಾಂತರದಿಂದ ಹೊತ್ತು ತಿರುಗುವವರು ಅವರು, ಕೂರಿಸಿ ಪೂರ್ತಿ ಓದಿಸಿ.

ನಮ್ಮ ಮುತ್ತಜ್ಜಿಯ ಹೆಸರು ಕೊನೆಗೆ ಸಿಕ್ಕಿದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ, ಒಂದು ಭೋಗ್ಯದ ಪತ್ರದ ಕೆಳಗೆ, ಎಡಗೈ ಹೆಬ್ಬೆಟ್ಟಿನ ಪಕ್ಕದಲ್ಲಿ. ಹೆಬ್ಬೆಟ್ಟಿನ ಗೆರೆಗಳು ಇನ್ನೂ ಕಾಣುತ್ತಿದ್ದವು. ಮುಂದಿನ ಪಿತೃಪಕ್ಷಕ್ಕೆ ಅವ್ವ ಆ ಹೆಸರು ಹೇಳಿ ಎಡೆ ಇಟ್ಟಳು.

ಫೋಟೋ ಬಗ್ಗೆ ಎರಡೇ ಮಾತು. ಮನೆಯಿಂದ ಹೊರಗೆ ತೆಗೆದುಕೊಂಡು ಹೋಗಬೇಡಿ, ಜಗುಲಿಯ ನೆರಳಲ್ಲಿ ಇಟ್ಟು ಅಲ್ಲೇ ಫೋನಿನಲ್ಲಿ ತೆಗೆಯಿರಿ. ಎಷ್ಟೋ ಅಜ್ಜಿಯರಿಗೆ ವೋಟರ್ ಕಾರ್ಡಿನ ಫೋಟೋ ಒಂದೇ ಇರುವುದು, ಆ ಕಾರ್ಡ್ ಶುರುವಾಗಿದ್ದೇ 1993ರಲ್ಲಿ, ಅದಕ್ಕೂ ಮುಂಚೆ ಹೋದವರ ಮುಖವನ್ನು ನೋಡಿದವರ ಬಾಯಿಂದಲೇ ಕೇಳಿ ಬರೆಯಬೇಕು.

ಬರೆಯುವಾಗ

ಹೊಗಳಬೇಡಿ. “ತುಂಬಾ ಒಳ್ಳೆಯವರು, ಶ್ರಮಜೀವಿ, ಎಲ್ಲರಿಗೂ ಬೇಕಾದವರು” ಅಂತ ಬರೆದರೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ಹಾಗೆ ಬರೆದ ಮನುಷ್ಯ ಎರಡನೇ ಸಲ ಸತ್ತಂತೆ. ಕೈ ಏನು ಮಾಡುತ್ತಿತ್ತು, ಬಾಯಲ್ಲಿ ಯಾವ ಮಾತು ಇತ್ತು, ಅದನ್ನು ಬರೆಯಿರಿ. ನಮ್ಮೂರಿನ ನೀರಗಂಟಿಯ ಬಗ್ಗೆ ಮೊದಲು ನಾನೂ ಹಾಗೆ ಹೊಗಳಿಯೇ ಬರೆದಿದ್ದೆ. ಹರಿದು ಹಾಕಿ ಹೀಗೆ ಬರೆದೆ:

“ಕೆರೆ ತೂಬು ಎತ್ತುತ್ತಿದ್ದವರು ಇವರೇ. ರಾತ್ರಿ ಎರಡು ಗಂಟೆಗೆ ಲಾಟೀನು ಹಿಡಿದು ಏರಿ ಮೇಲೆ ಹೋಗುತ್ತಿದ್ದರು. ಕಡೇ ಗದ್ದೆಗೆ ನೀರು ಮುಟ್ಟುವ ತನಕ ಮನೆಗೆ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಮೊರ ಭತ್ತ ಇವರ ಪಾಲು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಕಣ್ಣು ಹೋದ ಮೇಲೂ ನೀರಿನ ಸದ್ದು ಕೇಳಿ ತೂಬು ಎಷ್ಟು ಎದ್ದಿದೆ ಅಂತ ಹೇಳುತ್ತಿದ್ದರು.”

ಇಷ್ಟೇ. ಇದನ್ನು ಓದಿದ ಅವರ ಮೊಮ್ಮಗಳು ಅದೇ ಎಡಗಾಲಿನ ಬಗ್ಗೆ ನನಗೆ ಇನ್ನೂ ಎರಡು ಮಾತು ಹೇಳಿದಳು. ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಒಬ್ಬರಿಗೆ ಒಂದು ಪುಟ ಸಾಕು, ಕೆಲವರಿಗೆ ನಾಲ್ಕೇ ಸಾಲು ಸಿಗುತ್ತದೆ, ಎಳೆದು ಉದ್ದ ಮಾಡಬೇಡಿ. ಒಂದೇ ಘಟನೆಗೆ ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆದು ಯಾರು ಹೇಳಿದ್ದು ಅಂತ ಹಾಕಿ.

ಕೇಳದೆ ಬರೆಯಬಾರದ್ದು

ಜಮೀನಿನ ವ್ಯಾಜ್ಯ, ಓಡಿಹೋಗಿ ಮಾಡಿಕೊಂಡ ಮದುವೆ, ಬಾವಿಗೆ ಬಿದ್ದವರು, ವಿಷ ಕುಡಿದವರು. ಇವೆಲ್ಲ ನಿಮ್ಮ ಕಿವಿಗೆ ಬಂದೇ ಬರುತ್ತವೆ. ಕೇಳಿಸಿಕೊಳ್ಳಿ, ಆದರೆ ರೆಕಾರ್ಡಿಂಗ್ ನಿಲ್ಲಿಸಿ ಅಂದ ತಕ್ಷಣ ನಿಲ್ಲಿಸಿ. ಜೀತದ ವಿಷಯ ಇನ್ನೂ ಸೂಕ್ಷ್ಮ. ಕಾನೂನು 1976ರಲ್ಲಿ ಜೀತ ತೆಗೆದುಹಾಕಿತು, ಜೀತಕ್ಕಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ, ಇಟ್ಟುಕೊಂಡಿದ್ದವರ ಮಕ್ಕಳೂ ಅದೇ ಊರಲ್ಲಿದ್ದಾರೆ. ಬರೆಯಬೇಕೋ ಬೇಡವೋ, ಹೆಸರು ಹಾಕಬೇಕೋ ಬೇಡವೋ ಅನ್ನುವುದನ್ನು ಆ ಕಷ್ಟ ಉಂಡವರೇ ಹೇಳಬೇಕು, ಗೌಡರ ಮನೆಯವರಲ್ಲ, ನೀವೂ ಅಲ್ಲ. ನಮ್ಮೂರಿನ ಒಬ್ಬರು ಬರಿ ಅಂದರು. “ನಮ್ ಮೊಮ್ಮಕ್ಕಳಿಗೆ ಗೊತ್ತಾಗ್ಲಿ ಬರ್ಕೊ” ಅಂದರು. ಇನ್ನೊಬ್ಬರು ಬೇಡ ಅಂದರು, ನಾನು ಬರೆಯಲಿಲ್ಲ.

ಬರೆದ ಮೇಲೆ ಆ ಮನೆಗೆ ಹೋಗಿ ಗಟ್ಟಿಯಾಗಿ ಓದಿ ಹೇಳಿ. ತಪ್ಪು ಅಂದಿದ್ದನ್ನು ತಿದ್ದಿ. ಇದನ್ನು ಬಿಟ್ಟು ಅಚ್ಚಿಗೆ ಕೊಡಲೇಬೇಡಿ.

ಇಡುವುದು ಎಲ್ಲಿ

ವಿಕಿಪೀಡಿಯ ಇದಕ್ಕೆ ಜಾಗ ಅಲ್ಲ, ಅಲ್ಲಿ ಅಚ್ಚಾದ ಆಧಾರ ಕೇಳುತ್ತಾರೆ. ತಾಲ್ಲೂಕಿನ ಡಿಟಿಪಿ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಸಿ, ಜೆರಾಕ್ಸ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿದರೆ ಸಾಕು. ಒಂದು ಪ್ರತಿ ಗ್ರಾಮ ಪಂಚಾಯಿತಿಯ ಲೈಬ್ರರಿಗೆ, ಈಗ ಅದನ್ನು ಅರಿವು ಕೇಂದ್ರ ಅಂತಾರೆ, ಒಂದು ಶಾಲೆಗೆ, ಒಂದು ನಿಮ್ಮ ಹತ್ತಿರ. ಪ್ರತಿ ಕೇರಿಯಲ್ಲೂ ಒಂದೊಂದು ಇರಲಿ. ರೆಕಾರ್ಡಿಂಗ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಆಯಾ ಮನೆಯವರಿಗೇ ಕೊಡಿ, ವಾಟ್ಸಾಪ್‌ನಲ್ಲಿ ಕಳಿಸಿ ಮರೆತರೆ ಉಳಿಯುವುದಿಲ್ಲ.

ಮತ್ತೆ ಪ್ರತಿ ಹೆಸರಿನ ಕೆಳಗೆ ಅರ್ಧ ಪುಟ ಖಾಲಿ ಬಿಡಿ, ಪುಸ್ತಕಕ್ಕೆ ದಾರದಲ್ಲಿ ಒಂದು ಪೆನ್ನು ಕಟ್ಟಿ. ನಮ್ಮ ಲೈಬ್ರರಿಯ ಪ್ರತಿಯಲ್ಲಿ, ಸೂಲಗಿತ್ತಿಯ ಪುಟದ ಕೆಳಗೆ, ಈಗ ಹದಿನೇಳು ಬೇರೆ ಬೇರೆ ಕೈಬರಹ ಇದೆ. ಕೆಲವರು ಬರೀ ತಮ್ಮ ಹೆಸರು, ಹುಟ್ಟಿದ ವರ್ಷ ಬರೆದು ಹೋಗಿದ್ದಾರೆ.