ರಾಜಹಂಸ ನೋಡಲು ಹೊರಡುವ ಮೊದಲು ತಿಥಿ ನೋಡಿ

ಫಾಲ್ಗುಣ ಬಂತೆಂದರೆ ಕ್ಯಾಮೆರಾ ಬ್ಯಾಗಿಗಿಂತ ಮೊದಲು ನನ್ನ ಕೈ ಹೋಗುವುದು ಅಡುಗೆಮನೆ ಗೋಡೆಯ ಪಂಚಾಂಗಕ್ಕೆ. ಮುಂಬೈಯ ಥಾಣೆ ಖಾಡಿಗೆ, ಅಂದರೆ ಊರೊಳಗೆ ಚಾಚಿದ ಸಮುದ್ರದ ಕವಲಿಗೆ, ರಾಜಹಂಸಗಳು (ಫ್ಲೆಮಿಂಗೊ) ನವೆಂಬರ್ ಹೊತ್ತಿಗೆ ಬರತೊಡಗಿ ಮೇ ತನಕ ಇರುತ್ತವೆ. ಫೋಟೊಕ್ಕೆ ನನಗೆ ಮಾರ್ಚ್ ತಿಂಗಳೇ ಇಷ್ಟ. ಆದರೂ ಮಾಟುಂಗದ ನಮ್ಮ ಬಿಲ್ಡಿಂಗಿನವರು ಪ್ರತಿವರ್ಷ, "ಅಕ್ಕಾ, ಅಷ್ಟು ದೂರ ಹೋದೆವು, ಬರೀ ಗುಲಾಬಿ ಚುಕ್ಕಿ ಕಂಡಿತು" ಅನ್ನುತ್ತಾರೆ. ಭಾನುವಾರ ರಜೆ ಅಂತ ಹೋಗಿರುತ್ತಾರೆ, ನೀರು ಎಲ್ಲಿದೆ ಅಂತ ನೋಡಿರುವುದಿಲ್ಲ.

ಶಿವಡಿ ಜೆಟ್ಟಿಯಲ್ಲಿ ಬಲೆ ಸರಿಮಾಡುತ್ತಿದ್ದ ಕೋಲಿ ಮೀನುಗಾರ ಸಮುದಾಯದ ಒಬ್ಬ ಅಜ್ಜ ನನಗೆ ಹೇಳಿಕೊಟ್ಟ ಲೆಕ್ಕ ಇದು. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ, ಅದು ಮುಂಬೈಯಲ್ಲಿ ಭರತದ, ಅಂದರೆ ಸಮುದ್ರದ ನೀರು ಪೂರ್ತಿ ಏರುವ, ಗಂಟೆ. ಅಷ್ಟಮಿಗೆ 6, ದ್ವಾದಶಿಗೆ 9. ಹುಣ್ಣಿಮೆ, ಅಮಾವಾಸ್ಯೆ ಕಳೆದ ಮೇಲೆ ಪಾಡ್ಯದಿಂದ ಮತ್ತೆ ಒಂದು ಎಂದು ಎಣಿಸಬೇಕು. ದಿನಕ್ಕೆ ಎರಡು ಭರತ, ಭರತಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಯ ಮೇಲೆ ಸ್ವಲ್ಪ. ಖಾಡಿಯ ಒಳಗೆ ನೀರು ಏರುವುದು ಕೊಂಚ ತಡ. ಅರ್ಧ ಗಂಟೆ ಆಚೀಚೆ ಇಟ್ಟುಕೊಂಡರೆ ಸಾಕು.

ಇದು ಯಾಕೆ ಬೇಕೆಂದರೆ, ಈ ಹಕ್ಕಿಗಳಿಗೆ ಊಟ ಕೆಸರಿನಲ್ಲಿ. ತಲೆ ತಲೆಕೆಳಗು ಮಾಡಿ ಕೊಕ್ಕನ್ನು ನೀರಲ್ಲಿ ಆಡಿಸುತ್ತಾ ಪಾಚಿ ಸೋಸುತ್ತವೆ. ಆ ಪಾಚಿಯಿಂದಲೇ ಅವುಗಳಿಗೆ ಬಣ್ಣ. ಭರತದಲ್ಲಿ ಕೆಸರು ಮುಳುಗಿದಾಗ ಎದ್ದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿಂದಿನ ತಗ್ಗು ಕೆರೆಗಳಿಗೆ ಬಂದು ಒಂಟಿಕಾಲಲ್ಲಿ ನಿಲ್ಲುತ್ತವೆ. ಪೂರ್ತಿ ಇಳಿತದಲ್ಲಿ ನೀರಿನ ಅಂಚಿನ ಜೊತೆ ದೂರ ಸರಿದುಬಿಡುತ್ತವೆ.

ಹಾಗಾಗಿ ನಾನು ಏಕಾದಶಿ ಅಥವಾ ದ್ವಾದಶಿ ಆರಿಸುತ್ತೇನೆ. ಬೆಳಿಗ್ಗೆ ಎಂಟೂಕಾಲು, ಒಂಬತ್ತಕ್ಕೆ ಭರತ. ಕಿಂಗ್ಸ್ ಸರ್ಕಲ್‌ನಿಂದ ವಡಾಲ, ಅಲ್ಲಿ ಪನ್ವೇಲ್ ಲೋಕಲ್ ಹಿಡಿದು ನವಿ ಮುಂಬೈಯ ಸೀವುಡ್ಸ್. ಸ್ಟೇಶನ್ನಿನಿಂದ ರಿಕ್ಷಾದಲ್ಲಿ ನೆರೂಳಿನ ಡಿಪಿಎಸ್ ಶಾಲೆಯ ಪಕ್ಕದ ಕೆರೆ, ಇಲ್ಲವೇ ಟಿ.ಎಸ್. ಚಾಣಕ್ಯ ನೌಕಾ ತರಬೇತಿ ಸಂಸ್ಥೆಯ ಹಿಂದಿನ ಜೌಗು. ಏಳಕ್ಕೆ ಅಲ್ಲಿರಿ. ಖಾಡಿ ಪಶ್ಚಿಮಕ್ಕಿದೆ, ಏರುವ ಬಿಸಿಲು ನಿಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ. ಹಿಂಡು ಹಿಂಡಾಗಿ ಬಂದಿಳಿಯುವುದನ್ನು ನೋಡುತ್ತಾ ನಿಂತರೆ ಶಟರ್ ಒತ್ತುವುದೇ ಮರೆತುಹೋಗುತ್ತದೆ. ಒಂಬತ್ತೂವರೆಗೆ ಮುಗಿಸಿ. ಆಮೇಲೆ ಬಿಸಿಗಾಳಿ ಎದ್ದು ದೂರದ ಚಿತ್ರವೆಲ್ಲ ನಡುಗುತ್ತದೆ, ಎಷ್ಟು ಬೆಲೆಯ ಲೆನ್ಸ್ ಆದರೂ ಅಷ್ಟೇ.

ಈ ಕೆರೆಯ ವಿಷಯ ಹೇಳುವಾಗ ಸಂಕಟವಾಗುತ್ತದೆ. ಸಮುದ್ರದ ನೀರು ಒಳಗೆ ಬರುವ ದಾರಿ ಕಟ್ಟಿಹೋದಾಗ ಕೆರೆ ಒಣಗಿ, ಇಳಿಯಲು ಜಾಗವಿಲ್ಲದೆ ಹಕ್ಕಿಗಳು ಸುತ್ತು ಹೊಡೆದು ಹೋದದ್ದನ್ನು ನಾನೇ ನೋಡಿದ್ದೇನೆ. ನೀರು ಕಮ್ಮಿಯೆನಿಸಿದರೆ ಅದರ ಫೋಟೊವನ್ನೂ ತಾರೀಕಿನೊಂದಿಗೆ ತೆಗೆದಿಡಿ, ದೂರು ಕೊಡುವಾಗ ಬೇಕಾಗುತ್ತದೆ.

ಮಧ್ಯಾಹ್ನಕ್ಕೆ ಮಾಟುಂಗಕ್ಕೆ ವಾಪಸು. ದ್ವಾದಶಿಯಾದರೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಎಲೆ ಊಟ. ಬ್ಯಾಟರಿ ಚಾರ್ಜಿಗೆ ಹಾಕಿ.

ನಾಲ್ಕಕ್ಕೆ ಶಿವಡಿ, ವಡಾಲದಿಂದ ಒಂದೇ ಸ್ಟೇಶನ್. ಪೂರ್ವಕ್ಕಿಳಿದು ಜೆಟ್ಟಿಗೆ ಟ್ಯಾಕ್ಸಿ ಹಿಡಿಯಿರಿ, ಲಾರಿಗಳ ರಸ್ತೆ ಅದು. ಇಲ್ಲಿ ಖಾಡಿ ಪೂರ್ವಕ್ಕೆ. ಬೆಳಿಗ್ಗೆ ಬಂದವರಿಗೆ ಎದುರು ಬಿಸಿಲಲ್ಲಿ ಕಪ್ಪು ನೆರಳೇ ಗತಿ, ಸಂಜೆ ಬಂದವರಿಗೆ ಬಂಗಾರದ ಬೆಳಕು. ಮೂರರ ಇಳಿತ ಮುಗಿದು ನೀರು ಮೆಲ್ಲಗೆ ಏರುತ್ತಿರುತ್ತದೆ, ಅದರೊಂದಿಗೆ ಹಕ್ಕಿಗಳೂ ನಿಮ್ಮತ್ತ ಸರಿಯುತ್ತವೆ. ನೀವು ಕದಲಬೇಡಿ. 2024ರಲ್ಲಿ ತೆರೆದ ಸಮುದ್ರ ಸೇತುವೆ ಅಟಲ್ ಸೇತು ಇಲ್ಲಿಂದಲೇ ಶುರು, ಅದನ್ನು ಚೌಕಟ್ಟಿನಿಂದ ಹೊರಗಿಡಲು ಹೆಣಗಬೇಡಿ. ಕಂಬಗಳ ಬುಡದಲ್ಲಿ ಮೇಯುವ ಹಕ್ಕಿಯೇ ಮುಂಬೈಯ ಹಕ್ಕಿ.

ಗಿಡ್ಡ, ಕಡುಗೆಂಪು ಕೊಕ್ಕಿನದು ಚಿಕ್ಕ ರಾಜಹಂಸ. ಎತ್ತರ, ಬಿಳಿಚು, ಗುಲಾಬಿ ಕೊಕ್ಕಿನ ತುದಿ ಮಾತ್ರ ಕಪ್ಪಾದದ್ದು ದೊಡ್ಡದು. ಹಾರುವಾಗ ಶಟರ್ ವೇಗ 1/2000 ಸೆಕೆಂಡ್, ಮೇಯುವಾಗ 1/800 ಸಾಕು. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ತೆಳು ಗುಲಾಬಿ ಬೆಳ್ಳಗೆ ಸುಟ್ಟುಹೋಗುತ್ತದೆ. 400 ಎಂಎಂ ಲೆನ್ಸ್ ಇಲ್ಲದವರು ಹಿಂಡಿನ ಚಿತ್ರ ತೆಗೆಯಿರಿ, ಅದೇ ಚೆಂದ. ಕಾಲಬುಡದ ಕೆಸರಲ್ಲಿ ಕುಪ್ಪಳಿಸುವ ಪುಟ್ಟ ಮೀನುಗಳಿಗೆ ಮೊಬೈಲೂ ಸಾಕು.

ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಾರಿಸುವವರು ಸಿಕ್ಕೇ ಸಿಗುತ್ತಾರೆ. ದಯವಿಟ್ಟು ತಡೆಯಿರಿ. ರೆಕ್ಕೆ ಎತ್ತುವ ಮುನ್ನ ಅವು ನೀರ ಮೇಲೆ ಓಡಬೇಕು, ತಿಂದ ಶಕ್ತಿಯೆಲ್ಲ ಅದಕ್ಕೇ ಖರ್ಚು. ಕಾದರೆ ತಾವಾಗಿ ಹಾರುತ್ತವೆ. ಹೋದ ಚೈತ್ರದಲ್ಲಿ ಆರೂಕಾಲಕ್ಕೆ ಇಡೀ ಹಿಂಡು ಒಟ್ಟಿಗೆ ಎದ್ದಾಗ, ಪಕ್ಕದಲ್ಲಿ ಗಾಳ ಹಾಕಿದ್ದ ಹುಡುಗನೂ ಗಾಳ ಬಿಟ್ಟು ಎದ್ದು ನಿಂತಿದ್ದ.