ಊಟಿ ಚಳೀಲಿ ದೈತ್ಯ ಕುಂಬಳ: ಗೊಬ್ಬರಕ್ಕಿಂತ ತೊಟ್ಟು ಮುಖ್ಯ

ಊಟಿ ಕಡೆ ದೊಡ್ಡ ಕುಂಬಳ ಬೆಳೀತೀನಿ ಅಂತ ಹೊರಟವರನ್ನ ತುಂಬಾ ಜನ ನೋಡಿದೀನಿ, ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಕತೆ. ಗೊಬ್ಬರ ಸುರೀತಾರೆ, ಬಳ್ಳಿ ಬೇಲಿ ದಾಟತ್ತೆ, ಕಾಯಿ ಫುಟ್‌ಬಾಲಿಗಿಂತ ದೊಡ್ಡದಾಗತ್ತೆ, ಆಮೇಲೆ ಒಂದಿನ ಬೆಳಗ್ಗೆ ನೋಡಿದ್ರೆ ತೊಟ್ಟು ಸೀಳಿರತ್ತೆ. ಆಗ ಚಳಿಯನ್ನ ಬೈತಾರೆ. ಚಳಿ ಒಂದೇ ಕಾರಣ ಅಲ್ಲ ಮಾರಾಯ್ರೇ, ದೈತ್ಯ ಕುಂಬಳದ ಅಟ್ಲಾಂಟಿಕ್ ಜೈಂಟ್ ಅನ್ನೋ ತಳಿ ಮಾಡಿದ್ದೇ ಕೆನಡಾದ ನೋವಾ ಸ್ಕೋಷಿಯಾದ ರೈತ ಹೋವರ್ಡ್ ಡಿಲ್, ಅಲ್ಲಿನ ಚಳಿಗಾಲ ನಮ್ಮದಕ್ಕಿಂತ ಜೋರು. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೇಲಿ 1,247 ಕೆಜಿ ತೂಗಿದ ಕಾಯೀನೂ ಇದೇ ವಂಶದ್ದು. ನಮ್ಮ ಹಿತ್ತಲಲ್ಲಿ 30-40 ಕೆಜಿ ಬಂದ್ರೆ ನನಗೆ ಪರಮ ಸಂತೋಷ.

ಬೀಜ ಅಟ್ಲಾಂಟಿಕ್ ಜೈಂಟೇ ಆಗಿರ್ಲಿ. ಪ್ಯಾಕೆಟ್ ಮೇಲೆ ದೊಡ್ಡ ಚಿತ್ರ ಹಾಕಿ ಬರೀ 'ಜಂಬೋ' ಅಂತ ಬರೆದಿರೋದನ್ನ ಮುಟ್ಟಬೇಡಿ, ಅಂಥದ್ರಲ್ಲಿ ಒಂದು ಸಲ ನನಗೆ ಬಂದಿದ್ದು ಮಾಮೂಲಿ ಸಾಂಬಾರ್ ಕುಂಬಳ.

ಫೆಬ್ರವರಿ ಮಧ್ಯದಲ್ಲಿ ಮನೆಯೊಳಗೆ ಬೀಜ ಹಾಕಿ. ಅಂಚನ್ನ ಉಗುರು ಉಜ್ಜೋ ಫೈಲಲ್ಲಿ ಸ್ವಲ್ಪ ತೀಡಿ, ಎರಡು ಮೂರು ಗಂಟೆ ನೆನೆಸಿ, ಚೂಪು ತುದಿ ಕೆಳಗೆ ಮಾಡಿ ಕುಂಡದಲ್ಲಿಟ್ಟು, ಅಡುಗೆಮನೆ ಒಲೆ ಪಕ್ಕ ಇಡಿ. ಮೊಳಕೆಗೆ 25-30 ಡಿಗ್ರಿ ಬಿಸಿ ಬೇಕು. ಮೇ ತಿಂಗಳ ಕೋಟಗಿರಿ ತರಕಾರಿ ಪ್ರದರ್ಶನಕ್ಕೆ ಕಾಯಿ ಬೇಕು ಅಂತ ಡಿಸೆಂಬರಲ್ಲೇ ಬೀಜ ಹಾಕೋರಿದಾರೆ, ಹಿಮ ಬಿದ್ದ ಒಂದೇ ರಾತ್ರೀಲಿ ಎಲೆ ಸುಟ್ಟಂಗಾಗಿ ಎಲ್ಲಾ ಮುಗೀತದೆ. ಅವಸರ ಬೇಡ.

ಜಾಗ ಆರಿಸೋವಾಗ ತಗ್ಗು ಬೇಡವೇ ಬೇಡ. ತಣ್ಣನೆ ಗಾಳಿ ನೀರಿನ ಹಾಗೆ ಇಳಿದು ತಗ್ಗಲ್ಲೇ ನಿಲ್ಲತ್ತೆ, ಅದಕ್ಕೇ ಹಳ್ಳದ ಪಕ್ಕ ಮೊದಲು ಬಿಳಿ ಹಿಮ ಕಾಣೋದು. ಇಳಿಜಾರಿನ ನಡುವೆ, ಬೆಳಗಿನ ಬಿಸಿಲು ಬೀಳೋ ಕಡೆ ಮೂರಡಿ ಗುಂಡಿ ತೋಡಿ ಕೊಳೆತ ಸಗಣಿ ಗೊಬ್ಬರ ತುಂಬಿ. ನಮ್ಮ ಮಣ್ಣು ಹುಳಿ, ಟೀ ಗಿಡಕ್ಕೆ ಅದು ಸರಿ, ಕುಂಬಳಕ್ಕೆ ಅಲ್ಲ. ಮಣ್ಣು ಟೆಸ್ಟ್ ಮಾಡಿಸಿ ಡೋಲೊಮೈಟ್ ಸುಣ್ಣದ ಪುಡಿ ಹಾಕಿ ಪಿಎಚ್ (ಹುಳಿ ಅಳೆಯೋ ಅಂಕಿ) 6.5ರ ಹತ್ರ ತನ್ನಿ. ಮಾರ್ಚಲ್ಲಿ ಸಸಿ ಇಟ್ಟು ಮೇಲೆ ಪಾಲಿಥಿನ್ ಗುಡಾರ ಕಟ್ಟಿ, ಒಳಗೆ ಕರಿ ಡ್ರಮ್ಮಲ್ಲಿ ನೀರು ತುಂಬಿಸಿಡಿ, ಹಗಲು ಕಾದ ನೀರು ರಾತ್ರಿ ಬಿಸಿ ಬಿಡತ್ತೆ. ಗ್ರೋತ್ ಟಾನಿಕ್ ಬಾಟಲಿಗೆ ಕೊಡೋ ದುಡ್ಡಲ್ಲಿ ಇನ್ನೊಂದು ಡ್ರಮ್ ತಗೊಳ್ಳಿ.

ಮುಖ್ಯ ಬಳ್ಳಿ ಒಂದೇ ನೇರ ಬಿಡಿ. ಅಡ್ಡಬಳ್ಳಿ ಆರಡಿ ಆದ ತಕ್ಷಣ ತುದಿ ಚಿವುಟಿ, ಎಲೆ ಹುಟ್ಟೋ ಗಿಣ್ಣಿನ ಮೇಲೆ ಮಣ್ಣು ಎಳೀರಿ, ಅಲ್ಲೆಲ್ಲಾ ಬೇರು ಬರತ್ತೆ.

ಈಗ ಹೂವು. ಮೊದಲು ಬರೀ ಗಂಡು ಹೂವೇ ಬರೋದು, ಗಾಬರಿ ಬೇಡ. ಹೆಣ್ಣು ಹೂವಿನ ಕೆಳಗೆ ಗೋಲಿಯಂಥ ಪುಟ್ಟ ಕಾಯಿ ಇರತ್ತೆ. ಬುಡದಿಂದ ಹತ್ತಡಿ ಆಚೆ ಬಂದ ಹೂವೇ ಬೇಕು, ಅದಕ್ಕೂ ಮುಂಚಿನದನ್ನ ಕಿತ್ತುಬಿಡಿ. ಮೊಗ್ಗಿನ ತುದಿ ಹಳದಿ ಆಯ್ತು ಅಂದ್ರೆ ನಾಳೆ ಅರಳತ್ತೆ, ಸಂಜೇನೇ ದಾರ ಸುತ್ತಿ ಕಟ್ಟಿಡಿ. ಅರಳೋಕೆ ರೆಡಿ ಇರೋ ಎರಡು ಗಂಡು ಹೂವನ್ನ ತೊಟ್ಟು ಸಮೇತ ಕೊಯ್ದು ಮನೆಯೊಳಗೆ ನೀರಿನ ಲೋಟದಲ್ಲಿಡಿ, ಯಾಕಂದ್ರೆ ಹೊರಗಿನ ಚಳಿಗೆ ಪರಾಗ ಸರಿಯಾಗಿ ಉದುರಲ್ಲ. ಬೆಳಗ್ಗೆ ಗಂಡು ಹೂವಿನ ದಳ ಹರಿದು, ಹೆಣ್ಣು ಹೂವಿನ ಒಳಗೆ ಎಲ್ಲಾ ಕಡೆ ಮೆತ್ತಗೆ ಸವರಿ ಮತ್ತೆ ಕಟ್ಟಿ. ಮಳೆ ನೀರು ಒಳಗೆ ಹೋದ್ರೆ ಕೆಟ್ಟಿತು. ಎರಡು ಮೂರು ಕಾಯಿ ಕಚ್ಚಿದ ಮೇಲೆ ಜೋರಾಗಿ ಬೆಳೆಯೋ ಒಂದನ್ನ ಇಟ್ಕೊಂಡು ಉಳಿದದ್ದನ್ನ ಕೊಯ್ಯಿ. ಇಲ್ಲಿ ಕರುಣೆ ತೋರಿಸಿದ್ರೆ ಮೂರೂ ಸಣ್ಣದಾಗೇ ಉಳೀತವೆ.

ಇನ್ನು ತೊಟ್ಟು, ಎಲ್ಲರೂ ಎಡವೋದು ಇಲ್ಲೇ. ಎಳೇ ಕಾಯಿ ಬಳ್ಳಿಗೆ ಒರಗಿಕೊಂಡು ಓರೆಯಾಗಿ ಕೂತಿರತ್ತೆ, ಮುಂದೆ ಅದರ ಭುಜ, ಅಂದ್ರೆ ತೊಟ್ಟಿನ ಸುತ್ತಲ ಭಾಗ, ಉಬ್ಬಿ ಬಳ್ಳೀನ ತಳ್ಳಿದಾಗ ತೊಟ್ಟು ಸೀಳತ್ತೆ. ಅದಕ್ಕೆ ಕಾಯಿ ತೆಂಗಿನಕಾಯಿ ಗಾತ್ರ ಇರೋವಾಗಲೇ ಶುರು ಮಾಡಿ, ದಿನಾ ಸ್ವಲ್ಪ, ಒಂದು ಬೆರಳಗಲ ಅಷ್ಟೇ, ತೊಟ್ಟು ಬಳ್ಳಿಗೆ ಅಡ್ಡ ನಿಲ್ಲೋ ಹಾಗೆ ಕಾಯಿ ತಿರುಗಿಸ್ತಾ ಬನ್ನಿ, ವಾರ ಹತ್ತು ದಿನ ಹಿಡೀಲಿ. ಮಧ್ಯಾಹ್ನವೇ ಮಾಡಿ, ಆಗ ಬಳ್ಳಿ ಬಾಡಿ ಬಗ್ಗತ್ತೆ, ಬೆಳಗ್ಗೆ ನೀರು ತುಂಬಿ ಬಿಗಿಯಾಗಿರೋವಾಗ ಮುಟ್ಟಿದ್ರೆ ಪಟ್ ಅಂತ ಮುರಿಯತ್ತೆ. ಕಾಯಿಯ ಎರಡೂ ಪಕ್ಕದ ಎರಡು ಮೂರು ಗಿಣ್ಣಿನ ಬೇರು ಬಿಡಿಸಿಬಿಡಿ, ಕಾಯಿ ಎತ್ತರ ಆದ ಹಾಗೆ ಬಳ್ಳಿಯೂ ಮೇಲೇಳಬೇಕು, ನೆಲ ಅದನ್ನ ಹಿಡಿದಿಟ್ರೆ ಎಳೆತ ಎಲ್ಲಾ ತೊಟ್ಟಿನ ಮೇಲೇ. ಒತ್ತೋ ಎಲೆ ದಂಟು ಇದ್ರೆ ಅದನ್ನೂ ಕೊಯ್ಯಿ. ದಿನಾ ಬೆರಳು ಹಾಕಿ ನೋಡಿ, ಕಾಯಿಗೂ ಬಳ್ಳಿಗೂ ನಡುವೆ ಸಲೀಸಾಗಿ ಹೋಗಬೇಕು.

ಕಾಯಿ ಕೆಳಗೆ ನಾಲ್ಕು ಇಂಚು ಮರಳು ಹಾಕಿ, ಜೂನ್ ಮಳೇಲಿ ತಳ ಕೊಳೆಯಲ್ಲ. ಹಗಲು ಹಳೇ ಬಿಳಿ ಪಂಚೆ ಹೊದಿಸಿ, ಬಿಸಿಲು ಬಿದ್ರೆ ಸಿಪ್ಪೆ ಗಟ್ಟಿಯಾಗಿ ಬಿರಿಯತ್ತೆ. ರಾತ್ರಿಗೆ ಕಂಬಳಿ. ಎಲೆ ಮೇಲೆ ಬೂದಿ ಹಿಡಿದ ಹಾಗೆ ಕಂಡ್ರೆ ಅವತ್ತೇ ಗಂಧಕ ಹೊಡೀರಿ. ಕಾಟಿ (ಕಾಡುಕೋಣ), ಕಾಡುಹಂದಿ, ಮುಳ್ಳುಹಂದಿ ಬರೋ ಊರಾದ್ರೆ ಬೇಲಿ ಗಟ್ಟಿ ಇರ್ಲಿ.

ಆಗಸ್ಟ್ ಹೊತ್ತಿಗೆ ಬೆಳವಣಿಗೆ ನಿಲ್ಲತ್ತೆ. ಎರಡೂ ಕಡೆ ಒಂದು ಗೇಣು ಬಳ್ಳಿ ಬಿಟ್ಟು ಕೊಯ್ಯಿ. ತೊಟ್ಟು ಹಿಡಿದು ಎತ್ತಬೇಡಿ, ಗೋಣಿತಾಟಿನ ಮೇಲೆ ಉರುಳಿಸಿ ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಒಟ್ಟಿಗೆ ಎತ್ತಿ.