ಅಧಿಕ ಶ್ರಾವಣದಲ್ಲಿ ಮಗಳ ಅನ್ನಪ್ರಾಶನ: ನಾನು ಮುಹೂರ್ತ ಹುಡುಕಿದ ಬಗೆ

ನನ್ನ ಮಗಳು ಹುಟ್ಟಿದ್ದು 2023ರ ಜನವರಿ 23, ಸೋಮವಾರ, ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ, ಮೈಸೂರಿನಲ್ಲಿ. ಧನಿಷ್ಠಾ ನಕ್ಷತ್ರ, ಮಕರ ರಾಶಿ, ಮೀನ ಲಗ್ನ (ಲಗ್ನ ಎಂದರೆ ಆ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿ). ಅವಳಿಗೆ ನಾಲ್ಕು ತಿಂಗಳು ತುಂಬುತ್ತಿದ್ದ ಹಾಗೇ ಮನೆಯಲ್ಲಿ ಅನ್ನಪ್ರಾಶನದ ಮಾತು ಶುರುವಾಯಿತು. ಅಲ್ಲಿಯವರೆಗೆ ನಾನು ಪಂಚಾಂಗವನ್ನು ಯುಗಾದಿಯ ದಿನ ಪೂಜೆಗೆ ಇಟ್ಟಿದ್ದು ಬಿಟ್ಟರೆ ತೆರೆದು ಓದಿದವಳಲ್ಲ. ಈ ಸಲ ನಾನೇ ಕೂತು ನೋಡಬೇಕು ಅನ್ನಿಸಿತು. ಮಗಳು ಮೊದಲ ಅಗುಳು ತಿನ್ನುವ ಹೊತ್ತು ಅದು. ಯಾಕೆ ಆ ದಿನ, ಯಾಕೆ ಆ ಗಂಟೆ ಎಂದು ನನಗೆ ಗೊತ್ತಿರಬೇಕು ಅಲ್ವಾ?

ಮೊದಲು ತಿಂಗಳ ಲೆಕ್ಕ. ಗಂಡು ಮಗುವಿಗೆ ಸಮ ತಿಂಗಳು, ಅಂದರೆ ಆರು, ಎಂಟು, ಹತ್ತು. ಹೆಣ್ಣು ಮಗುವಿಗೆ ಬೆಸ ತಿಂಗಳು, ಐದು, ಏಳು, ಒಂಬತ್ತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ತಿಂಗಳು ಎಂದರೆ ನಡೆಯುತ್ತಿರುವ ತಿಂಗಳು, ತುಂಬಿದ ತಿಂಗಳಲ್ಲ. ಐದನೆಯ ತಿಂಗಳು ಎಂದರೆ ಮಗುವಿಗೆ ನಾಲ್ಕು ತುಂಬಿ ಐದು ನಡೆಯುತ್ತಿರುತ್ತದೆ. ಹಾಗಾಗಿ ಅತ್ತೆ "ಐದರಲ್ಲೇ ಮುಗಿಸಿಬಿಡೋಣ" ಎಂದಾಗ ಅವರು ಹೇಳಿದ್ದು ಮೇ 23ರಿಂದ ಜೂನ್ 22ರ ಒಳಗೆ. ನಾನು ಮಕ್ಕಳ ಡಾಕ್ಟರನ್ನು ಕೇಳಿದೆ. ಅವರು ಒಪ್ಪಲಿಲ್ಲ. ಆರು ತಿಂಗಳು, ಅಂದರೆ 180 ದಿನ ತುಂಬುವವರೆಗೆ ತಾಯಿಯ ಹಾಲು ಮಾತ್ರ ಸಾಕು. ಆಮೇಲೆ ಮೇಲು ಆಹಾರ ಶುರು ಮಾಡಲೇಬೇಕು, ತಡ ಮಾಡಬೇಡಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ.

ಆ ದಿನ ಮನೆಗೆ ಬಂದು ಲೆಕ್ಕ ಹಾಕಿದಾಗ ನನಗೆ ತುಂಬಾ ಸಮಾಧಾನವಾಯಿತು. ಹೆಣ್ಣು ಮಗುವಿನ ಏಳನೆಯ ತಿಂಗಳು ಶುರುವಾಗುವುದೇ ಆರು ತುಂಬಿದ ಮರುದಿನ! ಡಾಕ್ಟರ್ ಹೇಳಿದ್ದು, ಶಾಸ್ತ್ರ ಹೇಳಿದ್ದು ಎರಡೂ ಒಂದೇ ಜಾಗಕ್ಕೆ ಬಂದು ನಿಂತಿದ್ದವು. ಗಂಡು ಮಕ್ಕಳ ತಾಯಂದಿರಿಗೆ ಇಷ್ಟು ಸುಲಭವಿಲ್ಲ. ಆರನೆಯ ತಿಂಗಳು ನಡೆಯುವಾಗ ಮಗುವಿಗೆ ತುಂಬಿರುವುದು ಐದೇ. ನನ್ನ ಅಕ್ಕ ತನ್ನ ಮಗನಿಗೆ ಎಂಟನೆಯ ತಿಂಗಳಲ್ಲಿ ಶಾಸ್ತ್ರ ಮಾಡಿದಳು. ಆದರೆ ಡಾಕ್ಟರ್ ಹೇಳಿದಂತೆ ಆರು ತುಂಬಿದ ಕೂಡಲೇ ದೇವರ ಮುಂದೆ ಕೂರಿಸಿ ಹಣ್ಣು, ತರಕಾರಿ ಬೇಯಿಸಿ ಮಸೆದು ಕೊಡಲು ಶುರು ಮಾಡಿದ್ದಳು. ಅನ್ನವನ್ನು ಮಾತ್ರ ಮುಹೂರ್ತಕ್ಕೆಂದು ಉಳಿಸಿಕೊಂಡಿದ್ದಳು. ಅದು ನನಗೆ ಸರಿ ಎನ್ನಿಸುತ್ತದೆ. ಮುಹೂರ್ತಕ್ಕೆಂದು ಮಗುವನ್ನು ಹಸಿದಿರಲು ಬಿಡಬಾರದು.

ನಮ್ಮ ತೊಂದರೆ ಬೇರೆ ಇತ್ತು. ಮಗಳ ಏಳನೆಯ ತಿಂಗಳು ಜುಲೈ 23ರಿಂದ ಆಗಸ್ಟ್ 22. ಆ ವರ್ಷ, ಶೋಭಕೃತ್ ಸಂವತ್ಸರದಲ್ಲಿ, ಶ್ರಾವಣವೇ ಅಧಿಕ ಮಾಸವಾಗಿ ಬಂದಿತ್ತು. ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ನಿಜ ಶ್ರಾವಣ ಶುರುವಾಗುವುದು 17ಕ್ಕೆ. ಅದರ ಮೇಲೆ ಆಗಸ್ಟ್ ಎರಡನೆಯ ವಾರ ಶುಕ್ರಾಸ್ತ, ಅಂದರೆ ಶುಕ್ರ ಸೂರ್ಯನ ಹತ್ತಿರ ಬಂದು ಕಣ್ಣಿಗೆ ಕಾಣದ ಕಾಲ. "ಅಧಿಕ ಮಾಸದಲ್ಲಿ ಶುಭ ಕಾರ್ಯ ಹೇಗಮ್ಮಾ ಮಾಡೋದು?" ಎಂದು ಅತ್ತೆ ಚಿಂತೆಗೆ ಬಿದ್ದರು. ಅವರ ಚಿಂತೆ ಸುಮ್ನೆ ಬಂದದ್ದಲ್ಲ. ಮದುವೆ, ಗೃಹಪ್ರವೇಶ ಯಾವುದನ್ನೂ ಆ ತಿಂಗಳಲ್ಲಿ ಇಟ್ಟುಕೊಳ್ಳುವುದಿಲ್ಲ.

ನಮ್ಮ ಮನೆಗೆ ಬರುವ ಶಾಸ್ತ್ರಿಗಳ ಹತ್ತಿರ ಇಬ್ಬರೂ ಹೋದೆವು. ಅವರು ಹೇಳಿದ್ದು ಹೀಗೆ: ಮದುವೆಯನ್ನು ಮುಂದಕ್ಕೆ ಹಾಕಬಹುದು. ಮಗುವಿನ ವಯಸ್ಸನ್ನು ಮುಂದಕ್ಕೆ ಹಾಕಲು ಆಗುವುದಿಲ್ಲ. ಸೀಮಂತ, ನಾಮಕರಣ, ಅನ್ನಪ್ರಾಶನ ಇವೆಲ್ಲ ಇಷ್ಟನೆಯ ತಿಂಗಳು, ಇಷ್ಟನೆಯ ದಿನ ಎಂದು ಗೊತ್ತು ಮಾಡಿರುವ ಸಂಸ್ಕಾರಗಳು. ಅವುಗಳ ಕಾಲದಲ್ಲೇ ಮಾಡುವಾಗ ಅಧಿಕ ಮಾಸ, ಗುರು ಶುಕ್ರರ ಅಸ್ತ ಅಡ್ಡ ಬರುವುದಿಲ್ಲ. ಅತ್ತೆ ಪೂರ್ತಿ ಒಪ್ಪಲಿಲ್ಲ. ನಿಜ ಶ್ರಾವಣದಲ್ಲೇ ಒಂದು ದಿನ ಸಿಕ್ಕರೆ ಒಳ್ಳೆಯದು, ಅದನ್ನು ನೋಡಿ ಎಂದರು. ನನಗೂ ಅವರ ಮನಸ್ಸಿಗೆ ಕಸಿವಿಸಿ ಇಟ್ಟುಕೊಂಡು ಮಾಡುವುದು ಬೇಡ ಅನ್ನಿಸಿತು. ಮನೆಗೆ ಬಂದು ಒಂಟಿಕೊಪ್ಪಲ್ ಪಂಚಾಂಗ, ಪೆನ್ಸಿಲ್ ತೆಗೆದುಕೊಂಡು ಕೂತೆ.

ಶಾಸ್ತ್ರಿಗಳು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಬೇಡದ ವಾರ: ಭಾನುವಾರ, ಮಂಗಳವಾರ, ಶನಿವಾರ. ಬೇಡದ ತಿಥಿ: ಪಾಡ್ಯ, ಚೌತಿ, ಷಷ್ಠಿ, ಅಷ್ಟಮಿ, ನವಮಿ, ಏಕಾದಶಿ, ದ್ವಾದಶಿ, ಚತುರ್ದಶಿ, ಅಮಾವಾಸ್ಯೆ. ಆಗುವ ನಕ್ಷತ್ರ 16: ಅಶ್ವಿನಿ, ರೋಹಿಣಿ, ಮೃಗಶಿರ, ಪುನರ್ವಸು, ಪುಷ್ಯ, ಮೂರು ಉತ್ತರೆಗಳು, ಹಸ್ತ, ಚಿತ್ತೆ, ಸ್ವಾತಿ, ಅನೂರಾಧ, ಶ್ರವಣ, ಧನಿಷ್ಠ, ಶತಭಿಷ, ರೇವತಿ.

ಅತ್ತೆಗಾಗಿ ಮೊದಲು ನಿಜ ಶ್ರಾವಣ ನೋಡಿದೆ. ಆಗಸ್ಟ್ 17 ಗುರುವಾರ. ಪಾಡ್ಯ, ಮಖೆ. ಎರಡೂ ಆಗುವುದಿಲ್ಲ. 18 ಶುಕ್ರವಾರ ಬಿದಿಗೆ, ತಿಥಿ ಚೆನ್ನಾಗಿದೆ, ಆದರೆ ಹುಬ್ಬಾ ನಕ್ಷತ್ರ. 19 ಶನಿವಾರ, 20 ಭಾನುವಾರ. 21 ಸೋಮವಾರ ಪಂಚಮಿ, ಚಿತ್ತೆ. ಇದು ಆಗುತ್ತದೆ! ಖುಷಿಯಿಂದ ಅತ್ತೆಯನ್ನು ಕೂಗಿದೆ. ಅವರು ಪಂಚಾಂಗ ನೋಡಿ, "ಅವತ್ತು ನಾಗರ ಪಂಚಮಿ ಕಣಮ್ಮಾ" ಎಂದರು. ನಮ್ಮ ಮನೆಯಲ್ಲಿ ಅಂದು ಬಾಣಲೆ ಇಡುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ತರಕಾರಿ ಹೆಚ್ಚುವುದಿಲ್ಲ. ನೆಂಟರನ್ನು ಕರೆದು ಊಟ ಹಾಕುವ ದಿನವೇ ಅಲ್ಲ. ಇನ್ನೊಂದು ಮಾತನ್ನು ಶಾಸ್ತ್ರಿಗಳು ಆಮೇಲೆ ಫೋನಿನಲ್ಲಿ ಹೇಳಿದರು. ಮಗು ಹುಟ್ಟಿದ್ದು ಮಾಘ ಶುದ್ಧ ಬಿದಿಗೆ. ಚಾಂದ್ರಮಾನದಲ್ಲಿ ಎಣಿಸಿದರೆ ಏಳನೆಯ ತಿಂಗಳು ಅಧಿಕ ಶ್ರಾವಣದ ಬಿದಿಗೆಗೆ ಶುರುವಾಗಿ ಆಗಸ್ಟ್ 17ಕ್ಕೇ ಮುಗಿಯುತ್ತದೆ. ಆ ಲೆಕ್ಕದಲ್ಲಿ 21 ಎಂಟನೆಯ ತಿಂಗಳಿಗೆ ಸೇರಿಬಿಡುತ್ತದೆ. ಅಲ್ಲಿಗೆ ಅತ್ತೆಯೇ "ಹಾಗಿದ್ದರೆ ಅಧಿಕದಲ್ಲೇ ನೋಡು" ಎಂದರು. ಅವರ ಬಾಯಲ್ಲೇ ಆ ಮಾತು ಬಂದದ್ದು ನನಗೆ ದೊಡ್ಡ ನೆಮ್ಮದಿ.

ಹಿಂದಕ್ಕೆ ಬಂದೆ. ಜುಲೈ 23 ಭಾನುವಾರ. 24 ಸೋಮವಾರ, ಹಸ್ತ, ಆದರೆ ಬೆಳಿಗ್ಗೆ ಷಷ್ಠಿ. 25 ಮಂಗಳವಾರ. 26 ಬುಧವಾರ ಅಷ್ಟಮಿ, 27 ಗುರುವಾರ ನವಮಿ. 28 ಶುಕ್ರವಾರ ಶುದ್ಧ ದಶಮಿ, ಅನೂರಾಧ. ಚೀಟಿಯ ಜೊತೆ ಹೋಲಿಸಿದೆ. ಎಲ್ಲವೂ ಕೂಡಿತು. ಅಂದಿಗೆ ಮಗಳಿಗೆ 186 ದಿನ. ಕ್ಯಾಲೆಂಡರ್, ಚಾಂದ್ರಮಾನ ಎರಡೂ ಲೆಕ್ಕದಲ್ಲಿ ಏಳನೆಯ ತಿಂಗಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿರುವುದು ಸೂರ್ಯೋದಯದ ತಿಥಿ ಮಾತ್ರ. ಅದು ಮುಹೂರ್ತದ ಗಂಟೆಗೆ ಇನ್ನೂ ಇದೆಯೋ, ಬದಲಾಗಿದೆಯೋ ಎಂದು ಪಂಚಾಂಗದಲ್ಲೇ ನೋಡಬೇಕು. 24ರ ಷಷ್ಠಿ ಮಧ್ಯಾಹ್ನ ಮುಗಿದು ಸಪ್ತಮಿ ಬರುತ್ತಿತ್ತು. 28ರ ದಶಮಿ ಮಧ್ಯಾಹ್ನ ದಾಟಿಯೂ ಇತ್ತು, ಅನೂರಾಧ ಮಧ್ಯರಾತ್ರಿಯವರೆಗೂ ಇತ್ತು. ಹಾಗಾಗಿ ಬೆಳಗಿನ ಯಾವ ಗಂಟೆಯಾದರೂ ಭಯವಿರಲಿಲ್ಲ.

ಮುಂದಿನದು ತಾರಾಬಲ, ಚಂದ್ರಬಲ. ಹೆಸರು ಕೇಳಿ ನಾನು ಹೆದರಿದ್ದೆ. ಬೆರಳು ಮಡಚಿ ಎಣಿಸುವ ಲೆಕ್ಕ ಅಷ್ಟೇ. ಮಗುವಿನ ನಕ್ಷತ್ರದಿಂದ ಆ ದಿನದ ನಕ್ಷತ್ರದವರೆಗೆ, ಎರಡನ್ನೂ ಸೇರಿಸಿ ಎಣಿಸಬೇಕು. ಧನಿಷ್ಠೆಯಿಂದ ಅನೂರಾಧೆಗೆ 22. ಒಂಬತ್ತರಿಂದ ಭಾಗಿಸಿದರೆ ಉಳಿಯುವುದು 4. ಅದು ಕ್ಷೇಮ ತಾರೆ. ಮೂರು, ಐದು, ಏಳು ಉಳಿದರೆ ಬಿಡಬೇಕು. ಚಂದ್ರಬಲಕ್ಕೆ ರಾಶಿಯಿಂದ ಎಣಿಸಬೇಕು. ಅಂದು ಚಂದ್ರ ವೃಶ್ಚಿಕದಲ್ಲಿದ್ದ, ಮಕರದಿಂದ ಹನ್ನೊಂದನೆಯ ಮನೆ. ತುಂಬಾ ಒಳ್ಳೆಯದು. ನಾಲ್ಕು, ಎಂಟು, ಹನ್ನೆರಡು ಮಾತ್ರ ಬೇಡ.

ಗಂಟೆ ಹುಡುಕಿದ್ದು ಇಡೀ ಕೆಲಸದಲ್ಲಿ ಕಷ್ಟದ ಭಾಗ. ಆದರೆ ಅದರಲ್ಲೇ ನನಗೆ ಜಾಸ್ತಿ ರುಚಿ ಹತ್ತಿತು. ಅನ್ನಪ್ರಾಶನಕ್ಕೆ ಮೀನ, ಮೇಷ, ವೃಶ್ಚಿಕ ಲಗ್ನ ಆಗುವುದಿಲ್ಲ. ಮಗುವಿನ ರಾಶಿಯಿಂದ, ಲಗ್ನದಿಂದ ಎಂಟನೆಯದೂ ಆಗುವುದಿಲ್ಲ. ಮಕರದಿಂದ ಎಂಟನೆಯದು ಸಿಂಹ. ಮೈಸೂರಿನಲ್ಲಿ ಅಂದು ಸಿಂಹ ಲಗ್ನ ಬೆಳಿಗ್ಗೆ ಏಳೂವರೆಯ ಸುಮಾರಿಗೆ ಶುರುವಾಗಿ 9:35ರ ಹೊತ್ತಿಗೆ ಮುಗಿಯುತ್ತಿತ್ತು. ಆಮೇಲೆ ಕನ್ಯಾ. ಕನ್ಯೆಗೆ ಹತ್ತನೆಯ ಮನೆ ಮಿಥುನ, ಅಲ್ಲಿ ಯಾವ ಗ್ರಹವೂ ಇರಲಿಲ್ಲ. ಅನ್ನಪ್ರಾಶನಕ್ಕೆ ಹತ್ತನೆಯ ಮನೆ ಶುದ್ಧವಾಗಿರಬೇಕು ಎಂದು ಶಾಸ್ತ್ರಿಗಳು ಎರಡು ಸಲ ಹೇಳಿದ್ದರು. ಎಂಟರಲ್ಲಿ ಗುರು, ರಾಹು ಇದ್ದರು. ಅದನ್ನು ಕೇಳಿದಾಗ, "ಎಲ್ಲಾ ಗುಣ ಒಂದೇ ದಿನ ಸಿಗೋದಿಲ್ಲಮ್ಮ, ಮುಖ್ಯವಾದ್ದು ಇದ್ದರೆ ಸಾಕು" ಎಂದರು.

ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು ಎಂದು ಬಾಯಿಪಾಠ ಮಾಡಿದ್ದೇವೆ. ಅದು ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗಿದರೆ ಬರುವ ಲೆಕ್ಕ. ಅಂದು ಮೈಸೂರಿನಲ್ಲಿ ಸೂರ್ಯೋದಯ 6:09, ಸೂರ್ಯಾಸ್ತ 6:51ರ ಸುಮಾರು. ಹಗಲನ್ನು ಎಂಟು ಭಾಗ ಮಾಡಿದರೆ ಒಂದೊಂದು 95 ನಿಮಿಷ. ನಾಲ್ಕನೆಯ ಭಾಗ ರಾಹುಕಾಲ, ಅಂದರೆ 10:55ಕ್ಕೆ ಶುರು. ನನ್ನ ಗಂಡ ಮೊಬೈಲಿನಲ್ಲಿ ನೋಡಿ ಬೇರೆ ಹೊತ್ತು ಹೇಳಿದರು. ನೋಡಿದರೆ ಆ ಆ್ಯಪ್‌ನಲ್ಲಿ ಊರು ದೆಹಲಿ ಎಂದಿತ್ತು. ಅಲ್ಲಿ ಸೂರ್ಯ ಅರ್ಧ ಗಂಟೆ ಮೊದಲೇ ಹುಟ್ಟಿರುತ್ತಾನೆ. ದಯವಿಟ್ಟು ಊರು ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿರುವ ನಾದಿನಿಗೂ ಇದನ್ನೇ ಹೇಳಿದೆ. ನಮ್ಮ ಶುಕ್ರವಾರ ಬೆಳಿಗ್ಗೆ 9:45 ಅವಳಿಗೆ ಗುರುವಾರ ರಾತ್ರಿ 9:15. ಇಲ್ಲಿಯ ಮುಹೂರ್ತವನ್ನು ಹಾಗೇ ಅಲ್ಲಿಗೆ ತೆಗೆದುಕೊಳ್ಳಲು ಬರುವುದಿಲ್ಲ. ಅವಳ ಊರಿನ ಸೂರ್ಯೋದಯದಿಂದಲೇ ಲೆಕ್ಕ ಹಾಕಬೇಕು.

ಹಿರಿಯರಿಗೆ ಹತ್ತೂವರೆ ಎಂದರೆ ಹತ್ತೂವರೆಯೇ. ಹಾಗಾಗಿ 9:45ರಿಂದ 10:20 ಎಂದು ನಿಶ್ಚಯಿಸಿದೆವು. ರಾಹುಕಾಲದ ಹಾಗೇ ಬಿಡಬೇಕಾದ ದುರ್ಮುಹೂರ್ತವೂ 9:32ಕ್ಕೆ ಮುಗಿದಿರುತ್ತಿತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕ ಇತ್ತು. ಮಗಳು ಒಂಬತ್ತಕ್ಕೆ ಎದ್ದು ಹಾಲು ಕುಡಿದರೆ ಹತ್ತೂ ಮುಕ್ಕಾಲರವರೆಗೆ ನಗುನಗುತ್ತಾ ಇರುತ್ತಿದ್ದಳು. ಆಮೇಲೆ ನಿದ್ದೆಗೆ ಅಳು. ಒಂದು ವಾರ ಅವಳ ನಿದ್ದೆಯ ಹೊತ್ತನ್ನು ಬರೆದಿಟ್ಟು ಇದನ್ನು ಕಂಡುಕೊಂಡೆ. ಅಷ್ಟರಲ್ಲಿ ಕುತ್ತಿಗೆ ಗಟ್ಟಿಯಾಗಿತ್ತು, ಒರಗಿಸಿದರೆ ಕೂರುತ್ತಿದ್ದಳು, ನಾವು ಉಣ್ಣುವಾಗ ತಟ್ಟೆಗೆ ಕೈ ಚಾಚುತ್ತಿದ್ದಳು. ಜ್ವರವೋ ನೆಗಡಿಯೋ ಬಂದರೆ ಎಂದು ಆಗಸ್ಟ್ 3, ಗುರುವಾರ, ಬಹುಳ ಬಿದಿಗೆಯನ್ನು ಬದಲಿ ದಿನವಾಗಿ ಇಟ್ಟುಕೊಂಡಿದ್ದೆವು. ಹತ್ತು ಗಂಟೆಯ ಹೊತ್ತಿಗೆ ಧನಿಷ್ಠೆ ಮುಗಿದು ಶತಭಿಷ ಬರುತ್ತಿತ್ತು. ಆಗಸ್ಟ್ 10, ಗುರುವಾರ, ದಶಮಿ, ರೋಹಿಣಿ ಕೂಡ ಆಗುತ್ತಿತ್ತು. ಆದರೆ ಶುಕ್ಲ ಪಕ್ಷ ಸಿಗುವಾಗ ಅದನ್ನು ಬಿಡುವುದು ಬೇಡ ಎಂದು ಶಾಸ್ತ್ರಿಗಳೇ ಹೇಳಿದರು.

ತಿನ್ನಿಸುವ ವಿಷಯದಲ್ಲಿ ಒಂದು ಕಡೆ ನಾನು ಗಟ್ಟಿಯಾಗಿ ನಿಂತೆ. ಅನ್ನಕ್ಕೆ ಮೊಸರು, ತುಪ್ಪ, ಜೇನು ಸೇರಿಸಿ ಕೊಡುವ ಪದ್ಧತಿ ಇದೆ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಒಂದು ಹನಿಯೂ ಬೇಡ ಎಂದು ಡಾಕ್ಟರ್ ಹೇಳಿದ್ದರು. ಅದರಿಂದ ಎಳೆಯ ಮಕ್ಕಳಿಗೆ ಬೊಟುಲಿಸಂ ಎಂಬ ಕೆಟ್ಟ ಕಾಯಿಲೆ ಬರಬಹುದು. ಶಾಸ್ತ್ರಿಗಳಿಗೆ ಮೊದಲೇ ತಿಳಿಸಿದೆ. ಜೇನು ದೇವರ ನೈವೇದ್ಯಕ್ಕೆ ಇರಲಿ, ಮಗುವಿಗೆ ತುಪ್ಪದ ಅನ್ನ ಸಾಕು ಎಂದು ಅವರು ಕೂಡಲೇ ಒಪ್ಪಿದರು. ಪಾಯಸವನ್ನೂ ಬಾಯಿಗೆ ಹಾಕಲಿಲ್ಲ. ಸಕ್ಕರೆ, ಬೆಲ್ಲ, ಉಪ್ಪು ಯಾವುದೂ ಬೇಡ ಎಂದು ತೀರ್ಮಾನಿಸಿದ್ದೆ. ಮೊದಲೇ ಮಾತಾಡಿಕೊಂಡರೆ ಮಣೆಯ ಮುಂದೆ ಕೂತಾಗ ಯಾರಿಗೂ ಬೇಸರವಾಗುವುದಿಲ್ಲ.

ಅಂದು ಅತ್ತೆ ಹೊಸ ಅಕ್ಕಿಯ ಅನ್ನವನ್ನು ಮೆತ್ತಗೆ ಬೇಯಿಸಿ, ಬೆಳ್ಳಿ ಬಟ್ಟಲಲ್ಲಿ ತುಪ್ಪ ಹಾಕಿ ನುಣ್ಣಗೆ ಮಸೆದರು. ಗಣಪತಿ ಪೂಜೆ ಒಂಬತ್ತಕ್ಕೇ ಶುರುವಾಗಿತ್ತು, ಮುಹೂರ್ತದ ಹೊತ್ತಿಗೆ ಬಟ್ಟಲು ಸಿದ್ಧವಾಗಿರಲಿ ಎಂದು. ನನ್ನ ತಮ್ಮ, ಮಗಳ ಸೋದರಮಾವ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. 9:52ಕ್ಕೆ ನನ್ನ ಗಂಡ ಚಿನ್ನದ ಉಂಗುರದ ತುದಿಯಿಂದ ತುಪ್ಪದ ಅನ್ನ ತೆಗೆದು ನಾಲಿಗೆಗೆ ಮುಟ್ಟಿಸಿದರು. ಉಂಗುರವನ್ನು ಕುದಿಯುವ ನೀರಿನಲ್ಲಿ ಹಾಕಿ ಇಟ್ಟಿದ್ದೆ. ಮಗಳು ಮುಖ ಕಿವುಚಿದಳು, ತುಟಿ ಚಪ್ಪರಿಸಿದಳು, ಆಮೇಲೆ ಬಾಯಿ ತೆರೆದಳು. ಅತ್ತೆ ಅಳುತ್ತಿದ್ದರು. ನೆಂಟರೆಲ್ಲ ಒಬ್ಬೊಬ್ಬರಾಗಿ ತಿನ್ನಿಸಲು ಮುಂದೆ ಬಂದರು. ನಾವು ಅಜ್ಜ ಅಜ್ಜಿಯರು ನಾಲ್ವರಿಗೆ ಮಾತ್ರ ಬಿಟ್ಟೆವು. ಉಳಿದವರು ಅಕ್ಷತೆ ಹಾಕಿದರು. ಅಷ್ಟು ಪುಟ್ಟ ಹೊಟ್ಟೆಗೆ ನಾಲ್ಕು ಬೆರಳಿನ ತುದಿಯಷ್ಟು ಅನ್ನವೇ ಜಾಸ್ತಿ. ಹತ್ತೂಕಾಲಿಗೆ ಆರತಿ ಆಯಿತು. ಹತ್ತೂ ಮುಕ್ಕಾಲಿಗೆ ಅವಳು ನಿದ್ದೆ ಹೋದಳು.

ಮರುದಿನ ಅದೇ ಹೊತ್ತಿಗೆ ಎರಡು ಚಮಚ ಅಕ್ಕಿ ಗಂಜಿ ಕೊಟ್ಟೆ. ಮೂರು ದಿನ ಅದನ್ನೇ ಕೊಟ್ಟು, ಹೊಟ್ಟೆಗೆ ಒಗ್ಗಿತು ಎಂದು ಗೊತ್ತಾದ ಮೇಲೆ ರಾಗಿ ಸರಿ ಶುರು ಮಾಡಿದೆ.